ವಿದ್ಯಾಶಾಲೆಯೂ ಊರಿನ ನೀರೂ: ಅಮೆರಿಕೆಯ ಸೇವಾಶಿಕ್ಷಣದ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಕೆರೆಯನ್ನು ಕಟ್ಟಿಸಿದವರ, ಬಾವಿಯನ್ನು ತೋಡಿಸಿದವರ, ಅರವಟ್ಟಿಗೆಯನ್ನು ನಡಸಿದವರ ಹೆಸರುಗಳನ್ನು ಕನ್ನಡನಾಡಿನ ಶಾಸನಗಳು ಆದರದಿಂದ ಕಾಪಾಡಿಕೊಂಡು ಬಂದಿವೆ. ನೀರನ್ನು ಒದಗಿಸುವುದು ಧರ್ಮವೆಂಬ ಭಾವನೆ ಬಹು ಪ್ರಾಚೀನವಾದುದು. ಅನ್ಯದೇಶಗಳಲ್ಲಿಯೂ ಅದು ಇಲ್ಲದೆ ಇಲ್ಲ. ಆದರೆ ಒದಗಿದ ನೀರು ಕುಡಿಯಲು ಯೋಗ್ಯವೇ ಎಂಬುದನ್ನು ನಿರ್ಣಯಿಸತಕ್ಕವರು ಯಾರು ಎಂಬುದು ಬೇರೆಯ ಪ್ರಶ್ನೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿ ವಿಷಮಶೀತಜ್ವರದ ಕ್ರಿಮಿಗಳಿರಬಹುದು. ನಾಲಗೆಗೆ ಯಾವ ದೋಷವೂ ತೋರದ ನೀರಿನಲ್ಲಿ ಸೀಸವು ಕರಗಿರಬಹುದು. ಇವನ್ನು ಕಂಡುಹಿಡಿಯಲು ಪ್ರಯೋಗಶಾಲೆ ಬೇಕು. ಪ್ರಯೋಗಶಾಲೆಯಿರುವುದು ಸರ್ಕಾರದ ವಶದಲ್ಲಿ, ಇಲ್ಲವೆ ವಿದ್ಯಾಶಾಲೆಗಳಲ್ಲಿ. ಪ್ರತಿದಿನವೂ ಆ ನೀರನ್ನು ಕುಡಿಯುವ ಗೃಹಸ್ಥನಾದರೋ ಈ ಎರಡರ ಹೊರಗೂ ನಿಂತವನು.

ಈ ಗೃಹಸ್ಥನಿಗೂ ವಿದ್ಯಾಶಾಲೆಗೂ ಸಂಬಂಧವನ್ನು ಏರ್ಪಡಿಸುವ ಯತ್ನವು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಒಂದೂಕಾಲು ಶತಮಾನಕ್ಕೂ ಮೇಲ್ಪಟ್ಟ ಕಾಲದಿಂದ ನಡೆದು ಬಂದಿದೆ. ವಿದ್ಯಾರ್ಥಿಗಳು ಊರಿನ ಒಂದು ನಿಜವಾದ ಕೊರತೆಯನ್ನು ನೀಗಿಸುತ್ತಲೇ ತಮ್ಮ ಶಾಸ್ತ್ರವನ್ನು ಕಲಿಯುವ ಕ್ರಮಕ್ಕೆ ಅಲ್ಲಿ ‘ಸೇವಾಶಿಕ್ಷಣ’ ಎಂಬರ್ಥದ ಹೆಸರು ಬಂದದ್ದು ೧೯೬೦ರ ದಶಕದ ಉತ್ತರಾರ್ಧದಲ್ಲಿ. ೧೯೮೫ರಲ್ಲಿ ಕೆಲವು ವಿಶ್ವವಿದ್ಯಾನಿಲಯಗಳ ಅಧ್ಯಕ್ಷರು ಸೇರಿ ‘ಕ್ಯಾಂಪಸ್ ಕಾಂಪ್ಯಾಕ್ಟ್’ ಎಂಬ ಒಕ್ಕೂಟವನ್ನು ಸ್ಥಾಪಿಸಿದ ಮೇಲೆ ಆ ಹೆಸರು ಎಲ್ಲೆಡೆಯೂ ಹಬ್ಬಿತು. ಹೆಸರು ಹೊಸದಾದರೂ ವಸ್ತು ಹಳೆಯದು. ನೀರಿನ ಪರೀಕ್ಷೆಯ ವಿಷಯದಲ್ಲಿ ಅದರ ಚರಿತ್ರೆಯನ್ನು ಮೂರು ಘಟ್ಟಗಳಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ವಿದ್ಯಾಶಾಲೆ ಸರ್ಕಾರಕ್ಕೆ ನೆರವಾಯಿತು. ಎರಡನೆಯದರಲ್ಲಿ ಗೃಹಸ್ಥನಿಗೆ ಪರೀಕ್ಷೆಯ ವಿದ್ಯೆಯನ್ನು ಕಲಿಸಿತು. ಮೂರನೆಯದರಲ್ಲಿ ಗೃಹಸ್ಥನೇ ಪ್ರಶ್ನೆಯನ್ನೆತ್ತಿದನು, ವಿದ್ಯಾಶಾಲೆ ಅವನಿಗೆ ಸಾಕ್ಷಿಯಾಗಿ ನಿಂತಿತು. ಪ್ರಶ್ನೆ ಯಾರದು, ಉತ್ತರ ಯಾರಿಗೆ ಸಲ್ಲತಕ್ಕದ್ದು ಎಂಬುದನ್ನು ಗಮನಿಸಿದರೆ ಈ ಘಟ್ಟಗಳ ಭೇದವು ಸ್ಪಷ್ಟವಾಗುತ್ತದೆ.

೨

ಮೊದಲನೆಯ ಘಟ್ಟದ ಸ್ಥಳ ಮ್ಯಾಸಚೂಸೆಟ್ಸ್ ಸಂಸ್ಥಾನ. ೧೮೬೯ರಲ್ಲಿ ಅಲ್ಲಿ ಆರೋಗ್ಯದ ಬೋರ್ಡು ಏರ್ಪಟ್ಟಿತು. ನೂಲಿನ ಗಿರಣಿಗಳಿಂದ ಬೆಳೆದ ಊರುಗಳು ತಮ್ಮ ಕೊಳಚೆಯನ್ನು ಹೊಳೆಗೆ ಬಿಡುತ್ತಿದ್ದುವು; ಕೆಳಗಿನ ಊರುಗಳು ಅದೇ ಹೊಳೆಯ ನೀರನ್ನು ಕುಡಿಯುತ್ತಿದ್ದುವು. ೧೮೮೬ರಲ್ಲಿ ಒಳನಾಡಿನ ನೀರುಗಳ ಶುದ್ಧಿಯನ್ನು ಕಾಪಾಡುವುದಕ್ಕಾಗಿ ಶಾಸನವೊಂದು ಹೊರಟಿತು. ಮರುವರ್ಷವೇ ಸಂಸ್ಥಾನದ ಎಲ್ಲ ನೀರಿನಾಸರೆಗಳನ್ನೂ ಪರೀಕ್ಷಿಸುವ ಮಹಾಕಾರ್ಯಕ್ಕೆ ಬೋರ್ಡು ಕೈಹಾಕಿತು. ಇದಕ್ಕೆ ಬೇಕಾದ ಪ್ರಯೋಗಶಾಲೆಯನ್ನು ಒದಗಿಸಿದ್ದು ಬಾಸ್ಟನ್ ನಗರದಲ್ಲಿದ್ದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾಲಯ. ಪ್ರಾಧ್ಯಾಪಕ ಥಾಮಸ್ ಡ್ರೌನ್ ಎಂಬವರು ಮೇಲ್ವಿಚಾರಕರಾದರು. ಪ್ರಯೋಗಶಾಲೆಯ ದಿನದಿನದ ಭಾರವನ್ನು ಹೊತ್ತವರು ಎಲೆನ್ ಸ್ವಾಲೋ ರಿಚರ್ಡ್ಸ್.

ಈ ಮಹಿಳೆಯ ವೃತ್ತಾಂತ ಮನನೀಯವಾದುದು. ೧೮೭೦ರ ಕೊನೆಯಲ್ಲಿ ಆ ವಿದ್ಯಾಲಯವನ್ನು ಸೇರಿದ ಮೊಟ್ಟಮೊದಲನೆಯ ವಿದ್ಯಾರ್ಥಿನಿ ಇವರು. ೧೮೭೩ರಲ್ಲಿ ಪದವಿಯನ್ನು ಪಡೆದರು. ವಿದ್ಯಾರ್ಥಿನಿಯಾಗಿದ್ದಾಗಲೇ ಪ್ರಾಧ್ಯಾಪಕ ನಿಕಲ್ಸ್ ಎಂಬವರಿಗೆ ಸಹಾಯಕರಾಗಿ ಆರೋಗ್ಯದ ಬೋರ್ಡಿಗೆ ಬೇಕಾದ ನೀರಿನ ವಿಶ್ಲೇಷಣೆಯನ್ನು ಮಾಡಿ ಕೈಪಳಗಿಸಿಕೊಂಡಿದ್ದರು. ೧೮೮೪ರಲ್ಲಿ ವಿದ್ಯಾಲಯವು ಅವರನ್ನು ಬೋಧಕರನ್ನಾಗಿ ನಿಯಮಿಸಿತು; ೧೯೧೧ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹುದ್ದೆಯಲ್ಲಿಯೇ ಇದ್ದರು. ಊರೂರುಗಳಿಂದ ಸೀಸೆಗಳಲ್ಲಿ ತುಂಬಿ ಬಂದ ಹತ್ತಾರು ಸಾವಿರ ಮಾದರಿಗಳು ಅವರ ಮತ್ತು ಅವರ ಕೈಕೆಳಗಿನವರ ಪರೀಕ್ಷೆಗೆ ಒಳಪಟ್ಟುವು.

ಈ ಪರಿಶ್ರಮದ ಫಲಗಳಲ್ಲಿ ಪ್ರಸಿದ್ಧವಾದುದು ‘ಸಹಜ ಕ್ಲೋರಿನ್ನಿನ ನಕಾಶೆ’. ಕಡಲಿನ ಗಾಳಿಯು ಉಪ್ಪನ್ನು ಹೊತ್ತು ತರುವುದರಿಂದ ಕರಾವಳಿಯ ಕೆರೆಬಾವಿಗಳಲ್ಲಿ ಕ್ಲೋರೈಡು ಹೆಚ್ಚು. ಒಳನಾಡಿಗೆ ಹೋದಂತೆಲ್ಲ ಅದು ಕ್ರಮವಾಗಿ ಕಡಮೆಯಾಗುತ್ತದೆ. ಮನುಷ್ಯರ ಕೊಳಚೆಯಲ್ಲಿಯೂ ಉಪ್ಪು ಉಂಟಷ್ಟೆ. ಆದಕಾರಣ ಒಂದು ಸ್ಥಳದ ಸಹಜಪ್ರಮಾಣವು ಗೊತ್ತಾದರೆ, ಅದಕ್ಕಿಂತ ಅಧಿಕವಾಗಿ ಕಂಡ ಕ್ಲೋರೈಡು ಆ ನೀರಿಗೆ ಕೊಳಚೆ ಸೇರಿದೆಯೆಂಬುದಕ್ಕೆ ಸೂಚನೆಯಾಗುತ್ತದೆ. ಸಮಪ್ರಮಾಣವುಳ್ಳ ಸ್ಥಳಗಳನ್ನು ರೇಖೆಗಳಿಂದ ಕೂಡಿಸಿ ಬರೆದ ಈ ನಕಾಶೆಯು, ಬಿಡಿಬಿಡಿಯಾದ ಸಾವಿರಾರು ಸೀಸೆಗಳಿಂದ ಒಂದು ನಾಡಿನ ನೀರಿನ ಲಕ್ಷಣವನ್ನು ತಿಳಿಯಬಹುದೆಂಬುದನ್ನು ತೋರಿಸಿಕೊಟ್ಟಿತು.

ಅದೇ ೧೮೮೭ರಲ್ಲಿ ಮೆರಿಮ್ಯಾಕ್ ಹೊಳೆಯ ದಡದ ಲಾರೆನ್ಸ್ ಎಂಬ ಊರಿನಲ್ಲಿ ಬೋರ್ಡು ಪ್ರಯೋಗಕೇಂದ್ರವೊಂದನ್ನು ತೆರೆಯಿತು. ೧೮೯೦-೯೧ರಲ್ಲಿ ಲೋವೆಲ್ ಮತ್ತು ಲಾರೆನ್ಸ್ ಊರುಗಳಲ್ಲಿ ವಿಷಮಶೀತಜ್ವರವು ಹಬ್ಬಿದಾಗ ತಂತ್ರವಿದ್ಯಾಲಯದ ಜೀವಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಸೆಜ್‌ವಿಕ್ ಅದರ ಜಾಡನ್ನು ಹಿಡಿದು ಹೊಳೆಯ ನೀರೇ ಕಾರಣವೆಂದು ತೋರಿಸಿದರು. ಮೇಲಿನ ಲೋವೆಲ್ಲಿನ ಕೊಳಚೆ ಕೆಳಗಿನ ಲಾರೆನ್ಸಿನ ಕುಡಿಯುವ ನೀರಾಗಿದ್ದಿತು. ೧೮೯೩ರಲ್ಲಿ ಲಾರೆನ್ಸಿನಲ್ಲಿ ಮರಳಿನ ಶೋಧಕವು ಕೆಲಸಮಾಡಲಾರಂಭಿಸಿತು. ಆ ಊರಿನ ಜ್ವರಮರಣಗಳು ಬಹಳವಾಗಿ ಇಳಿದುವು. ಇತ್ತ ವಿದ್ಯಾರ್ಥಿಗಳಿಗೆ ಆದ ಲಾಭವೂ ಅಲ್ಪವಲ್ಲ. ೧೮೯೦ರಲ್ಲಿ ತಂತ್ರವಿದ್ಯಾಲಯದಿಂದ ಹೊರಬಂದು ಲಾರೆನ್ಸಿನಲ್ಲಿ ಪಳಗಿದ ಜಾರ್ಜ್ ಫುಲ್ಲರ್ ಎಂಬವರೇ ಮುಂದೆ ಜರ್ಸಿ ನಗರದ ನೀರಿಗೆ ೧೯೦೮ರಲ್ಲಿ ಕ್ಲೋರಿನ್ ಬೆರಸುವ ಯಂತ್ರಾಗಾರವನ್ನು ರಚಿಸಿದವರು.

ಈ ಘಟ್ಟದ ಸಾಧನೆ ದೊಡ್ಡದು. ಆದರೆ ಇಲ್ಲಿ ಪ್ರಶ್ನೆ ಕೇಳಿದ್ದು ಬೋರ್ಡು. ಉತ್ತರ ಸಂದದ್ದೂ ಬೋರ್ಡಿಗೆ. ಗೃಹಸ್ಥನು ನೀರನ್ನು ಕೊಟ್ಟನು, ಮಾತನಾಡಲಿಲ್ಲ. ಸರ್ಕಾರವೂ ವಿದ್ಯಾಶಾಲೆಯೂ ಒಂದೇ ಹಿತವನ್ನು ಬಯಸುತ್ತಿದ್ದುದರಿಂದ ಅವನ ಮೌನದಿಂದ ಆಗ ಹಾನಿಯಾಗಲಿಲ್ಲ.

೩

ಎರಡನೆಯ ಘಟ್ಟದ ಬೇರು ಭೂದಾನದ ಕಾಲೇಜುಗಳಲ್ಲಿದೆ. ೧೮೬೨ರ ಮಾರಿಲ್ ಶಾಸನದಂತೆ ಸಂಸ್ಥಾನಗಳಿಗೆ ದೊರೆತ ಸರ್ಕಾರೀ ಭೂಮಿಯ ಉತ್ಪನ್ನದಿಂದ ಕೃಷಿಯನ್ನೂ ಯಂತ್ರವಿದ್ಯೆಯನ್ನೂ ಕಲಿಸುವ ಕಾಲೇಜುಗಳು ಹುಟ್ಟಿದುವು. ೧೯೧೪ರ ಸ್ಮಿತ್-ಲೀವರ್ ಶಾಸನವು ಕಾಲೇಜಿನ ತಿಳಿವಳಿಕೆಯನ್ನು ರೈತನ ಮನೆಬಾಗಿಲಿಗೆ ಒಯ್ಯುವ ‘ವಿಸ್ತರಣ’ ಸೇವೆಯನ್ನು ಏರ್ಪಡಿಸಿತು. ಬಿತ್ತನೆ, ಗೊಬ್ಬರ, ದನಕರುಗಳ ವಿಚಾರವನ್ನು ತಿಳಿಸುತ್ತಿದ್ದ ಈ ಸೇವೆಗೆ ಬಾವಿಯ ನೀರು ಪ್ರತ್ಯೇಕ ವಿಷಯವಾಗಿ ಬಂದದ್ದು ಬಹುಕಾಲದ ಮೇಲೆ. ೧೯೭೪ರ ಕುಡಿಯುವ ನೀರಿನ ಶಾಸನವು ಸಾರ್ವಜನಿಕ ಸರಬರಾಜಿಗೆ ಮಾತ್ರ ಅನ್ವಯಿಸಿತು. ಸ್ವಂತದ ಬಾವಿಯುಳ್ಳವನ ನೀರನ್ನು ಪರೀಕ್ಷಿಸುವ ಹೊಣೆ ಅವನದೇ ಆಗಿ ಉಳಿಯಿತು.

ಈ ಲೋಪವನ್ನು ತುಂಬುವುದಕ್ಕಾಗಿ ವರ್ಜೀನಿಯಾ ಸಂಸ್ಥಾನದ ವಿಸ್ತರಣ ಸೇವೆಯು ೧೯೮೯ರಲ್ಲಿ ಮನೆಯ ನೀರಿನ ಪರೀಕ್ಷೆಯ ಕಾರ್ಯಕ್ರಮವನ್ನಾರಂಭಿಸಿತು. ನಿಗದಿಯಾದ ದಿನ ನಿವಾಸಿಗಳು ತಮ್ಮ ಮನೆಯ ನೀರನ್ನು ಸೀಸೆಗಳಲ್ಲಿ ತುಂಬಿ ತರುವರು. ಬ್ಲ್ಯಾಕ್ಸ್‌ಬರ್ಗ್ ಊರಿನ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಅದರ ಪರೀಕ್ಷೆ ನಡೆಯುವುದು. ಬಳಿಕ ಫಲಿತಾಂಶದ ಅರ್ಥವನ್ನೂ ದೋಷಪರಿಹಾರದ ಮಾರ್ಗವನ್ನೂ ಅವರಿಗೆ ವಿವರಿಸಿ ಹೇಳಲಾಗುವುದು. ಅಲಬಾಮಾ ಸಂಸ್ಥಾನದ ಆಬರ್ನ್ ವಿಶ್ವವಿದ್ಯಾನಿಲಯವು ೧೯೯೨ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದು ಸ್ಥಾಪಿಸಿದ ‘ಅಲಬಾಮಾ ವಾಟರ್ ವಾಚ್’ ಎಂಬ ಸಂಸ್ಥೆಯಲ್ಲಿ ಊರಿನ ಸ್ವಯಂಸೇವಕರೇ ಶಿಕ್ಷಣ ಪಡೆದು, ತಮ್ಮ ಹೊಳೆಕೆರೆಗಳ ನೀರಿನ ಉಷ್ಣತೆ, ಆಮ್ಲತೆ, ಗಡಸುತನ, ಕರಗಿದ ಆಮ್ಲಜನಕ, ಕದಡು ಇವನ್ನು ಅಳೆದು ದಾಖಲೆ ಮಾಡುವರು. ಅಳತೆಗಳು ಎಲ್ಲರೂ ನೋಡಬಹುದಾದ ಕೋಷ್ಠಕಕ್ಕೆ ಸೇರುತ್ತವೆ.

ಇಲ್ಲಿ ಸೀಸೆಯನ್ನು ಹಿಡಿದ ಕೈ ಬದಲಾಯಿಸಿತು. ಅಳೆಯುವ ವಿಧಾನವನ್ನು ಬಲ್ಲ ಗೃಹಸ್ಥನು ಉತ್ತರವನ್ನು ಓದಬಲ್ಲವನೂ ಆದನು. ಆದರೆ ಸರ್ಕಾರದ ಉತ್ತರವೂ ಗೃಹಸ್ಥನ ಅನುಭವವೂ ಪರಸ್ಪರ ವಿರುದ್ಧವಾದಾಗ ವಿದ್ಯಾಶಾಲೆ ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

೪

ಅದು ಎದ್ದದ್ದು ಮಿಷಿಗನ್ ಸಂಸ್ಥಾನದ ಫ್ಲಿಂಟ್ ನಗರದಲ್ಲಿ. ಜನರಲ್ ಮೋಟರ್ಸ್ ಸಂಸ್ಥೆಯು ೧೯೦೮ರಲ್ಲಿ ಹುಟ್ಟಿದ ಊರು ಇದು. ೧೯೬೦ರ ಸುಮಾರಿಗೆ ಎರಡು ಲಕ್ಷದ ಸಮೀಪಕ್ಕೆ ಬಂದಿದ್ದ ಜನಸಂಖ್ಯೆಯು ಕಾರ್ಖಾನೆಗಳು ಮುಚ್ಚುತ್ತ ಬಂದಂತೆ ಸುಮಾರು ಒಂದು ಲಕ್ಷಕ್ಕಿಳಿಯಿತು. ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕರಿಯ ಜನಾಂಗದವರು, ಬಡತನವೂ ಬಹಳ. ನಗರದ ಬೊಕ್ಕಸ ಬರಿದಾದುದರಿಂದ ೨೦೧೧ರಿಂದ ಸಂಸ್ಥಾನದ ಗವರ್ನರು ನೇಮಿಸಿದ ಅಧಿಕಾರಿಗಳ ಕೈಗೆ ಆಡಳಿತ ಹೋಗಿದ್ದಿತು. ೧೯೬೭ರಿಂದ ಡಿಟ್ರಾಯಿಟ್ ನಗರದ ಮೂಲಕ ಹ್ಯೂರನ್ ಸರೋವರದ ನೀರು ಬರುತ್ತಿತ್ತು. ಖರ್ಚನ್ನು ಉಳಿಸುವುದಕ್ಕಾಗಿ ೨೦೧೪ರ ಏಪ್ರಿಲ್ ೨೫ರಂದು ಅದನ್ನು ಬಿಟ್ಟು ಫ್ಲಿಂಟ್ ಹೊಳೆಯ ನೀರನ್ನು ಹರಿಸಲಾಯಿತು.

ಅನರ್ಥದ ಕಾರಣವನ್ನು ರಸಾಯನಶಾಸ್ತ್ರದಿಂದ ತಿಳಿಯಬೇಕು. ಹಳೆಯ ಊರುಗಳಲ್ಲಿ ಬೀದಿಯ ಕೊಳಾಯಿಯಿಂದ ಮನೆಗೆ ಹೋಗುವ ನಳಿಗೆಗಳು ಎಷ್ಟೋ ಕಡೆ ಸೀಸದವು. ಡಿಟ್ರಾಯಿಟಿನ ನೀರಿಗೆ ಬೆರಸುತ್ತಿದ್ದ ಫಾಸ್ಫೇಟ್ ನಳಿಗೆಯ ಒಳಮೈಗೆ ಪೊರೆಗಟ್ಟಿ, ಸೀಸವು ನೀರಿಗೆ ಇಳಿಯದಂತೆ ತಡೆಯುತ್ತಿತ್ತು. ಹೊಳೆಯ ನೀರಿಗೆ ಇದನ್ನು ಬೆರಸಲೇ ಇಲ್ಲ. ಹೊಳೆಯ ನೀರಿನಲ್ಲಿ ಕ್ಲೋರೈಡು ಮೊದಲೇ ಹೆಚ್ಚು. ಅದನ್ನು ತಿಳಿಗೊಳಿಸಲು ಹಾಕಿದ ಫೆರಿಕ್ ಕ್ಲೋರೈಡಿನಿಂದ ಮತ್ತಷ್ಟು ಹೆಚ್ಚಿತು. ಪೊರೆ ಕಳಚಿತು, ಕಬ್ಬಿಣ ತುಕ್ಕು ಹಿಡಿಯಿತು, ಸೀಸ ನೀರಿಗೆ ಇಳಿಯಿತು. ಮ್ಯಾಸಚೂಸೆಟ್ಸಿನ ನಕಾಶೆಯಲ್ಲಿ ಕೊಳಚೆಯ ಸೂಚಕವಾಗಿದ್ದ ಕ್ಲೋರೈಡು ಇಲ್ಲಿ ತಾನೇ ಅಪರಾಧದಲ್ಲಿ ಭಾಗಿಯಾಯಿತು.

ನೀರಿನ ಬಣ್ಣ ಕೆಟ್ಟಿತು, ವಾಸನೆ ಬಂದಿತು, ಮೈಮೇಲೆ ಗಂದೆಗಳೆದ್ದುವು. ನಿವಾಸಿಗಳು ಸೀಸೆಗಳಲ್ಲಿ ಕಂದುಬಣ್ಣದ ನೀರನ್ನು ತುಂಬಿಕೊಂಡು ಸಭೆಗಳಿಗೆ ಹೋಗಿ ತೋರಿಸಿದರು. ೨೦೧೪ರ ಅಕ್ಟೋಬರಿನಲ್ಲಿ ಜನರಲ್ ಮೋಟರ್ಸ್ ತನ್ನ ಇಂಜಿನ್ ಕಾರ್ಖಾನೆಯ ಭಾಗಗಳು ತುಕ್ಕು ಹಿಡಿಯುತ್ತವೆಂದು ಆ ನೀರನ್ನು ಬಿಟ್ಟು ಬೇರೆ ನೀರನ್ನು ತರಿಸಿಕೊಂಡಿತು. ಯಂತ್ರಕ್ಕೆ ಒಗ್ಗದ ನೀರು ಮನುಷ್ಯರಿಗೆ ಒಗ್ಗುವುದೆಂದು ಅಧಿಕಾರಿಗಳು ಹೇಳುತ್ತಲೇ ಇದ್ದರು.

ಲೀಆನ್ ವಾಲ್ಟರ್ಸ್ ಎಂಬ ಗೃಹಿಣಿಯ ಮನೆಯ ನೀರಿನಲ್ಲಿ ೨೦೧೫ರ ಫೆಬ್ರವರಿಯಲ್ಲಿ ನೂರು ಕೋಟಿ ಭಾಗಕ್ಕೆ ೧೦೪ ಭಾಗ ಸೀಸ ಕಂಡುಬಂದಿತು, ಮಾರ್ಚಿಯಲ್ಲಿ ೩೯೭. ೧೯೯೧ರ ನಿಯಮದಂತೆ ೧೫ನ್ನು ದಾಟಿದರೆ ಕ್ರಮ ಕೈಗೊಳ್ಳಬೇಕಾಗಿತ್ತು. ರಾಷ್ಟ್ರೀಯ ಪರಿಸರಸಂರಕ್ಷಣ ಸಂಸ್ಥೆಯ ಅಧಿಕಾರಿ ಮಿಗೆಲ್ ಡೆಲ್ ಟೋರಲ್ ಆಕೆಯ ಮಾತಿಗೆ ಕಿವಿಗೊಟ್ಟು ಜೂನಿನಲ್ಲಿ ತಮ್ಮ ಇಲಾಖೆಗೆ ಎಚ್ಚರಿಕೆಯ ವರದಿಯನ್ನು ಬರೆದರು. ಆಕೆಯ ಮನೆಯಿಂದ ತೆಗೆದ ಮೂವತ್ತು ಮಾದರಿಗಳು ವರ್ಜೀನಿಯಾ ಟೆಕ್‌ನಲ್ಲಿದ್ದ ಪ್ರಾಧ್ಯಾಪಕ ಮಾರ್ಕ್ ಎಡ್ವರ್ಡ್ಸ್ ಅವರಿಗೆ ಹೋದುವು. ಅವುಗಳಲ್ಲಿ ಅತ್ಯಧಿಕವಾದುದು ೧೩,೨೦೦. ಐದು ಸಾವಿರವನ್ನು ದಾಟಿದ ದ್ರವವನ್ನು ಅಪಾಯಕರವಾದ ಕಸವೆಂದು ಪರಿಗಣಿಸುವ ಪದ್ಧತಿ ಆ ದೇಶದಲ್ಲಿದೆ.

ಎಡ್ವರ್ಡ್ಸ್ ಅವರು ಸೀಸದ ವಿಷಯಕ್ಕೆ ಹೊಸಬರಲ್ಲ. ವಾಷಿಂಗ್ಟನ್ ನಗರದಲ್ಲಿ ೨೦೦೧ರಿಂದ ೨೦೦೪ರವರೆಗೆ ನೀರಿಗೆ ಸೀಸವಿಳಿದಾಗ ಮಕ್ಕಳಿಗೆ ಹೆಚ್ಚಿನ ಹಾನಿಯಾಗಿಲ್ಲವೆಂದು ಸರ್ಕಾರೀ ಸಂಸ್ಥೆ ಹೇಳಿದ್ದನ್ನು ಅವರು ವರ್ಷಗಟ್ಟಲೆ ಪ್ರತಿಭಟಿಸಿದ್ದರು. ಆ ಅನುಭವದಿಂದ ಅವರೂ ಯಾನಾ ಲಂಬ್ರಿನಿಡೂ ಎಂಬ ವಿದುಷಿಯೂ ಸೇರಿ ೨೦೧೦ರಿಂದ ವಿದ್ಯಾರ್ಥಿಗಳಿಗೆ ಇಂಜಿನಿಯರರ ಧರ್ಮವನ್ನು ಕುರಿತ ಪಾಠವನ್ನು ನಡಸುತ್ತಿದ್ದರು. ಶಾಸ್ತ್ರಜ್ಞನು ಹೇಳುವುದಕ್ಕಿಂತ ಮೊದಲು ಕೇಳಬೇಕು, ನೊಂದವನ ಮಾತೂ ಒಂದು ಪ್ರಮಾಣ ಎಂಬುದು ಆ ಪಾಠದ ಸಾರ. ಅದಕ್ಕೆ ಪರೀಕ್ಷೆಯ ದಿನ ಫ್ಲಿಂಟಿನಲ್ಲಿ ಬಂದಿತು.

೨೦೧೫ರ ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಮುನ್ನೂರು ಪೆಟ್ಟಿಗೆಗಳನ್ನು ಸಿದ್ಧಪಡಿಸಿ ಕಳುಹಿಸಿದರು. ಸಿದ್ಧಾರ್ಥ ರಾಯ್ ಎಂಬ ಸಂಶೋಧನ ವಿದ್ಯಾರ್ಥಿ ಅವರಲ್ಲಿ ಮುಂದಾಳು. ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಮೂರು ಸೀಸೆಗಳು: ಆರು ಗಂಟೆಗಳ ಕಾಲ ನಲ್ಲಿಯನ್ನು ಮುಟ್ಟದೆ ಬಿಟ್ಟು ಮೊದಲು ಬಂದ ನೀರನ್ನು ಒಂದು ಲೀಟರು, ೪೫ ಸೆಕೆಂಡು ಹರಿದ ಮೇಲೆ ಅರ್ಧ ಲೀಟರು, ಎರಡು ನಿಮಿಷಗಳಾದ ಮೇಲೆ ಒಂದು ಚಿಕ್ಕ ಸೀಸೆ. ಮೊದಲನೆಯದು ಮನೆಯೊಳಗಿನ ನಲ್ಲಿಯ ಸಾಕ್ಷಿ, ಮುಂದಿನವು ಅದರಾಚೆಯ ನಳಿಗೆಗಳ ಮತ್ತು ಬೀದಿಯ ಕೊಳಾಯಿಯ ಸಾಕ್ಷಿ. ಪೆಟ್ಟಿಗೆಗಳನ್ನು ಮನೆಮನೆಗೆ ಹಂಚಿ, ವಿಧಾನವನ್ನು ತಿಳಿಸಿ, ಮತ್ತೆ ಕೂಡಿಸಿದವರು ವಾಲ್ಟರ್ಸ್ ಮೊದಲಾದ ನಿವಾಸಿಗಳೂ ಊರಿನ ಕ್ರೈಸ್ತ ಪಾದ್ರಿಗಳೂ ಕಾರ್ಯಕರ್ತರೂ. ಕೆಲವೇ ವಾರಗಳಲ್ಲಿ ೨೫೦ಕ್ಕೂ ಹೆಚ್ಚು ಮನೆಗಳ ನೀರು ಬ್ಲ್ಯಾಕ್ಸ್‌ಬರ್ಗನ್ನು ಸೇರಿತು. ನೀರು ಹೆಚ್ಚು ಕೆಟ್ಟಿದ್ದ ನೂರಕ್ಕೆ ಹತ್ತು ಮನೆಗಳಲ್ಲಿ ಸೀಸದ ಪ್ರಮಾಣ ೨೫ನ್ನು ಮೀರಿದ್ದಿತು.

ಸರ್ಕಾರದ ಲೆಕ್ಕದಲ್ಲಾದರೋ ಈ ಅಂಕ ೧೧. ಇದಕ್ಕೆ ಕಾರಣಗಳುಂಟು. ಮಾದರಿ ತೆಗೆಯುವ ಹಿಂದಿನ ರಾತ್ರಿ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಡಬೇಕೆಂದು ಜನರಿಗೆ ಸೂಚನೆಯಿತ್ತು. ಅದರಿಂದ ಕೂಡಿದ ಸೀಸವೆಲ್ಲ ಕೊಚ್ಚಿಹೋಗುತ್ತಿತ್ತು. ಕೂಡಿಸಿದ ೭೧ ಮಾದರಿಗಳಲ್ಲಿ ಎರಡನ್ನು ತೆಗೆದುಹಾಕಿ ೬೯ನ್ನು ಲೆಕ್ಕಕ್ಕೆ ಹಿಡಿಯಲಾಗಿತ್ತು. ಆ ಎರಡನ್ನೂ ಉಳಿಸಿಕೊಂಡಿದ್ದರೆ ಅಂಕವು ೧೫ನ್ನು ಮೀರುತ್ತಿತ್ತು. ತೆಗೆದುಹಾಕಿದವುಗಳಲ್ಲಿ ಒಂದು ವಾಲ್ಟರ್ಸ್ ಅವರ ಮನೆಯದು. ಮೊದಲು ದೂರು ಕೊಟ್ಟವಳ ಸಾಕ್ಷ್ಯವೇ ಲೆಕ್ಕದಿಂದ ಹೊರಬಿದ್ದಿತ್ತು.

ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾನಿಲಯದವರೂ ನಿವಾಸಿಗಳೂ ನಗರದಲ್ಲಿ ಜೊತೆಯಾಗಿ ನಿಂತು ಫಲಿತಾಂಶವನ್ನು ಪ್ರಕಟಿಸಿದರು. ಅದೇ ತಿಂಗಳ ೨೪ರಂದು ಊರಿನ ಹರ್ಲಿ ವೈದ್ಯಕೇಂದ್ರದ ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಷಾ ಮಕ್ಕಳ ರಕ್ತದ ಪರೀಕ್ಷೆಯ ಫಲವನ್ನು ಹೊರಗಿಟ್ಟರು. ಮರುವರ್ಷ ಅಚ್ಚಾದ ಅವರ ಪ್ರಬಂಧದಂತೆ, ರಕ್ತದಲ್ಲಿ ಸೀಸ ಹೆಚ್ಚಿದ್ದ ಮಕ್ಕಳ ಪ್ರಮಾಣವು ನೀರಿನ ಬದಲಾವಣೆಗೆ ಮುಂಚೆ ನೂರಕ್ಕೆ ೨.೪, ಬಳಿಕ ೪.೯. ಅಕ್ಟೋಬರ್ ೧೬ರಂದು ಫ್ಲಿಂಟಿಗೆ ಮತ್ತೆ ಡಿಟ್ರಾಯಿಟಿನ ನೀರು ಬಂದಿತು. ೨೦೧೬ರ ಜನವರಿಯಲ್ಲಿ ಸಂಸ್ಥಾನವೂ ಕೇಂದ್ರಸರ್ಕಾರವೂ ವಿಪತ್ಕಾಲವನ್ನು ಘೋಷಿಸಿದುವು.

೫

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ವಿದ್ಯಾಶಾಲೆಯ ವಿಜಯವೆನಿಸುತ್ತಿತ್ತು. ಆದರೆ ಉತ್ತರಕಥೆಯೂ ವಿಚಾರಾರ್ಹವಾಗಿದೆ. ೨೦೧೬ ಮತ್ತು ೨೦೧೭ರಲ್ಲಿ ವಿದ್ಯಾರ್ಥಿಗಳು ಫ್ಲಿಂಟಿನ ಮನೆಗಳ ನೀರನ್ನು ಮತ್ತೆ ಮತ್ತೆ ಪರೀಕ್ಷಿಸಿ ಸೀಸವು ಇಳಿಯುತ್ತಿರುವುದನ್ನು ಕಂಡರು. ಪ್ರಾಧ್ಯಾಪಕರು ಅದನ್ನು ಹಾಗೆಯೇ ಪ್ರಕಟಿಸಿದರು. ಒಮ್ಮೆ ಮೋಸಹೋಗಿದ್ದ ನಿವಾಸಿಗಳಲ್ಲಿ ಅನೇಕರಿಗೆ ನೀರು ಸುಧಾರಿಸಿತೆಂಬ ಮಾತನ್ನು, ಅದನ್ನು ಯಾರು ಹೇಳಿದರೂ, ನಂಬುವುದು ಸಾಧ್ಯವಾಗಲಿಲ್ಲ. ೨೦೧೮ರಲ್ಲಿ ನಿವಾಸಿಗಳೂ ಕಾರ್ಯಕರ್ತರೂ ಹಲವರು ಸಹಿಮಾಡಿ ಶಾಸ್ತ್ರಜ್ಞರ ಸಮುದಾಯಕ್ಕೆ ಬಹಿರಂಗ ಪತ್ರವೊಂದನ್ನು ಬರೆದು, ತಮ್ಮ ಪರವಾಗಿ ಮಾತನಾಡುವ ಅಧಿಕಾರವನ್ನು ಪ್ರಾಧ್ಯಾಪಕರಿಗೆ ತಾವು ಕೊಟ್ಟಿಲ್ಲವೆಂದು ಆಕ್ಷೇಪಿಸಿದರು. ವಿವಾದವು ನ್ಯಾಯಸ್ಥಾನದವರೆಗೂ ಹೋಯಿತು.

ಈ ಭಿನ್ನಾಭಿಪ್ರಾಯದಲ್ಲಿ ಒಂದು ಪಕ್ಷವನ್ನು ದೂಷಿಸುವುದು ಸುಲಭ, ಆದರೆ ಅದರಿಂದ ತಿಳಿಯುವುದು ಸ್ವಲ್ಪ. ಅಂಕಗಳು ಎರಡು ಸಂದರ್ಭಗಳಲ್ಲಿಯೂ ಸರಿಯಾಗಿರಬಹುದು. ಬದಲಾದದ್ದು ಪ್ರಶ್ನೆ ಕೇಳಿದವರು. ೨೦೧೫ರಲ್ಲಿ ಪ್ರಶ್ನೆ ನಿವಾಸಿಗಳದಾಗಿತ್ತು. ಸೀಸೆಯನ್ನು ತುಂಬಿದ ಕೈ ಅವರದು, ಪ್ರಕಟಿಸಿದಾಗ ಅವರೂ ಜೊತೆಯಲ್ಲಿ ನಿಂತಿದ್ದರು. ಅದರಿಂದಲೇ ಉತ್ತರಕ್ಕೆ ಬಲ ಬಂದಿತ್ತು. ಮುಂದೆ ‘ನೀರು ಈಗ ಹೇಗಿದೆ’ ಎಂಬ ಪ್ರಶ್ನೆಯನ್ನು ವಿದ್ಯಾಶಾಲೆ ಕೇಳುತ್ತಿದ್ದಾಗ ನಿವಾಸಿಗಳು ಕೇಳುತ್ತಿದ್ದುದು ‘ಇದಕ್ಕೆ ಹೊಣೆ ಯಾರು, ನಮ್ಮ ಮಕ್ಕಳ ಗತಿಯೇನು’ ಎಂಬುದನ್ನು. ಒಂದು ಪ್ರಶ್ನೆಗೆ ಸರಿಯಾದ ಉತ್ತರವು ಇನ್ನೊಂದಕ್ಕೆ ಉತ್ತರವಾಗದು.

ಉಳಿದ ಕಾರ್ಯವು ಬಹುಕಾಲ ಸಾಗಿತು. ಪಾದ್ರಿಗಳ ಸಂಘ ಮೊದಲಾದವರು ಹೂಡಿದ ದಾವೆಯಲ್ಲಿ ೨೦೧೭ರ ಮಾರ್ಚಿಯಲ್ಲಿ ಆದ ಒಪ್ಪಂದದಂತೆ ಸೀಸದ ನಳಿಗೆಗಳನ್ನು ಅಗೆದು ತೆಗೆಯಬೇಕಾಯಿತು. ೨೦೨೫ರ ಬೇಸಿಗೆಯ ವೇಳೆಗೆ ಸುಮಾರು ಹನ್ನೊಂದು ಸಾವಿರ ನಳಿಗೆಗಳನ್ನು ಬದಲಾಯಿಸಿದ ವರದಿ ನ್ಯಾಯಾಲಯಕ್ಕೆ ಸಂದಿತು. ವಾಲ್ಟರ್ಸ್ ಅವರಿಗೆ ೨೦೧೮ರಲ್ಲಿ ಪರಿಸರರಕ್ಷಣೆಗಾಗಿ ಕೊಡುವ ಗೋಲ್ಡ್‌ಮನ್ ಬಹುಮಾನವು ಬಂದಿತು.

ವರ್ಜೀನಿಯಾ ಟೆಕ್‌ನ ಮುದ್ರೆಯ ಮೇಲೆ ‘ಸೇವೆಗೆ ಒದಗುವಂತಾಗಲಿ’ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯವುಂಟು. ಸೇವೆಯೆಂದರೆ ತಾನು ಬಲ್ಲದ್ದನ್ನು ಕೊಡುವುದಷ್ಟೇ ಎಂದು ಭಾವಿಸುವುದಾದರೆ ಮ್ಯಾಸಚೂಸೆಟ್ಸಿನ ಪ್ರಯೋಗಶಾಲೆಯಲ್ಲಿಯೇ ಆ ಧ್ಯೇಯವು ಪೂರ್ಣವಾಯಿತೆನ್ನಬೇಕು. ಫ್ಲಿಂಟಿನಲ್ಲಿ ಅದಕ್ಕೆ ಎರಡು ಕಟ್ಟಳೆಗಳು ಸೇರಿದುವು: ಪ್ರಶ್ನೆಯನ್ನು ನೀರು ಕುಡಿಯುವವನಿಂದ ಪಡೆಯುವುದು, ಉತ್ತರವನ್ನು ಮೊದಲು ಅವನಿಗೆ ಒಪ್ಪಿಸುವುದು. ಈ ಎರಡೂ ನಡೆದಷ್ಟು ಕಾಲ ಮುನ್ನೂರು ಪೆಟ್ಟಿಗೆಗಳು ಒಂದು ಸಂಸ್ಥಾನದ ಸರ್ಕಾರದ ಮಾತನ್ನು ತಿದ್ದಿದುವು; ಇವು ಸಡಿಲವಾದಾಗ ನಿರ್ದೋಷವಾದ ಅಳತೆಗೂ ಮನ್ನಣೆ ದೊರೆಯಲಿಲ್ಲ. ವಿದ್ಯಾರ್ಥಿಗಳು ಪುಸ್ತಕದಿಂದ ಕಲಿಯಲಾಗದೆ ಆ ಊರಿನಿಂದ ಕಲಿತ ಪಾಠವೂ ಇದೇ.